ಕುಂಟಿ ಹಿಡಿಯಾಕ ಕಲಿಸಿದಾಕಿ

ಮೊನ್ನೆ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಬೇವಿನೆಣ್ಣೆಯ ಬಾಟ್ಲಿ ಕೈಜಾರಿ ಒಡೆಯಿತು. ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ಅಂಗಡಿಯವನು ಊದಿನಕಡ್ಡಿ ಹಚ್ಚಿದ. ನಾನು ಮಾತ್ರ ಅಲ್ಲೇ ನಿಂತೆ. ಆ ಕಹಿ ನಾತ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಅಂಗೈ ಚುರುಗುಟ್ಟಿದವು. ಎಷ್ಟೋ ವರ್ಷಗಳ ಹಿಂದೆ ಈ ಅಂಗೈ ತುಂಬ ಗುಳ್ಳೆ ಎದ್ದಿದ್ದವು, ಅವುಗಳ ಮೇಲೆ ಇದೇ ಎಣ್ಣೆ ತಿಕ್ಕಿದಾಕಿ ಒಬ್ಬಳಿದ್ದಳು. ಎತ್ತಿನ ಹೆಗಲಿಗೆ ಹಚ್ಚಿ ಉಳಿದದ್ದನ್ನು ನನ್ನ ಕೈಗೆ ಒರೆಸುತ್ತಿದ್ದಳು. “ಎತ್ತು ಸುಮ್ನ ನಿಂತಾವ, ನಿಂದೇನ ಒದರಾಟ?” ಅನ್ನುತ್ತಿದ್ದಳು.

ನಾನು ಆಕೆಯನ್ನು ಚಿಗವ್ವ ಅಂತ ಕರೆಯುತ್ತಿದ್ದೆ. ರಕ್ತಸಂಬಂಧ ಏನೂ ಇರಲಿಲ್ಲ. ಗುಡಗೇರಿಯಲ್ಲಿ ನಮ್ಮ ಬಾಜೂಮನೆಯಾಕೆ, ಹೊಲವೂ ನಮ್ಮ ಹೊಲದ ಬಾಜೂನೇ. ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೈದುನರು “ಹೊಲ ನಾವು ನೋಡ್ಕೋತೀವಿ, ನೀ ರೊಟ್ಟಿ ತಿಂದು ಮನ್ಯಾಗ ಕೂಡು” ಅಂದರಂತೆ. ಮರುದಿನ ಮುಂಜಾನೆ ಈಕೆ ಸೀರೆ ಕಚ್ಚೆ ಹಾಕಿ, ಎತ್ತು ಹೂಡಿ, ತಾನೇ ಕುಂಟಿ ಹಿಡಿದು ಹೊಲ ಹರಗಿ ಬಂದಳಂತೆ.

ಇದು ಎಷ್ಟು ದೊಡ್ಡ ಮಾತು ಅಂತ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಬಿತ್ತಬಹುದು, ಕಳೆ ತೆಗೆಯಬಹುದು, ಕೊಯ್ಯಬಹುದು, ಬೆನ್ನು ಮುರಿಯುವ ಕೆಲಸ ಏನಿದ್ದರೂ ಮಾಡಬಹುದು. ಆದರೆ ಎರಡೆತ್ತು ಎಳೆಯುವ, ಕಬ್ಬಿಣದ ಅಲಗಿನ ಕುಂಟಿಯನ್ನು ಮಾತ್ರ ಮುಟ್ಟುವಂಗಿಲ್ಲ. ಮುಟ್ಟಿದರೆ ಮಳೆ ಓಡಿಹೋಗುತ್ತದಂತೆ. ಊರು ಆಕೆಗೆ ಗಂಡಬೀರಿ ಅಂತ ಹೆಸರಿಟ್ಟಿತು. ಕಿವಿಗೆ ಬಿದ್ದರೂ ಆಕೆ ತಿರುಗಿ ನೋಡುತ್ತಿರಲಿಲ್ಲ, ಎತ್ತಿನ ಸಂಗಡ ಮಾತಾಡುತ್ತಾ ಹೋಗಿಬಿಡುತ್ತಿದ್ದಳು.

ಎಪ್ಪತ್ತರ ದಶಕದ ಮಾತು. ನಾನು ಗುಡಗೇರಿ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ದಿನಾ ಹುಬ್ಬಳ್ಳಿಗೆ ಹೋಗಿ ಬಂದು ಪಿಯುಸಿ ಸೈನ್ಸ್ ಮುಗಿಸಿದೆ. ಮುಂದೆ ಕೃಷಿ ಕಾಲೇಜೇ ಸೇರಬೇಕು ಅಂತ ನನಗೆ ಹಟ. ಅಪ್ಪ ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿ. ಹೊಲ ಇತ್ತು, ಆದರೆ ಆಳು ಹಚ್ಚಿ ಮಾಡಿಸುತ್ತಿದ್ದ. ಆಳು ಸಿಗದ ದಿನ ಗೊಣಗುತ್ತಾ ತಾನೇ ಇಳಿಯುತ್ತಿದ್ದ. “ಒಕ್ಕಲುತನ ಕಲಿಯಾಕ ಕಾಲೇಜ್ ಯಾಕ ಬೇಕು? ಅದೂ ಹೆಣ್ಹುಡಿಗಿ” ಅಂತ ನಕ್ಕ. ಅವ್ವನ ತಮ್ಮ, ಅಂದರೆ ಯರಗುಪ್ಪಿಯ ನನ್ನ ಸೋದರಮಾವ, ನನಗಾಗಿಯೇ ಕಾಯ್ದು ಕುಂತಿದ್ದ. ದೀಪಾವಳಿ ಆದಮೇಲೆ ಮದುವೆ ಅಂತ ಎರಡೂ ಮನೆಯಲ್ಲಿ ಮಾತು ಆಗಿಹೋಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ಎರಡು ದಿನ ಉಣಲಿಲ್ಲ. ಮೂರನೇ ದಿನ ಅಪ್ಪ ಅರ್ಜಿಗೆ ಸಹಿ ಹಾಕಿದ. “ಸೀಟ್ ಸಿಕ್ಕರ ಹೋಗು. ಸಿಗಲಿಲ್ಲಂದ್ರ ಬಾಯಿ ಮುಚ್ಕೊಂಡು ಮಾವನ ಮನಿಗೆ ನಡಿ” ಅಂದ. ಆತನ ಧೈರ್ಯದ ಗುಟ್ಟು ನನಗೆ ಗೊತ್ತಿತ್ತು. ನನ್ನ ಮಾರ್ಕ್ಸಿಗೆ ಸಿಗಬಹುದಾದದ್ದು ಒಕ್ಕಲು ಮನೆತನದ ಮಕ್ಕಳಿಗೆ ಅಂತ ಇಟ್ಟ ಸೀಟು. ಆ ಸೀಟಿಗೆ ಬರೆಯುವ ಪರೀಕ್ಷೆಯ ಜೊತೆ ಹೊಲದ ಪರೀಕ್ಷೆಯೂ ಇತ್ತು. ಬೀಜ ಗುರುತಿಸಬೇಕು, ಮಣ್ಣಿನ ಹದ ಹೇಳಬೇಕು, ಎತ್ತು ಹೂಡಿ ಕುಂಟಿ ಹೊಡೆಯಬೇಕು. ಅಲ್ಲಿ ನಾನು ಬಿದ್ದೇ ಬೀಳುತ್ತೇನೆ ಅಂತ ಅಪ್ಪನಿಗೆ ಖಾತ್ರಿಯಿತ್ತು.

ಅವತ್ತೇ ಸಂಜೆ ಚಿಗವ್ವನ ಕಟ್ಟೆಗೆ ಹೋಗಿ ಕುಂತೆ. ಆಕೆ ಹಗ್ಗ ಹೊಸೆಯುತ್ತಿದ್ದಳು. ನಾನು ಎಲ್ಲ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು, “ಊರ ಮಂದಿ ಬೈತಾರ. ತಾಳತೀ?”

“ತಾಳತೀನಿ” ಅಂದೆ.

“ಹಂಗಾರ ನಾಳೆ ಹೊತ್ತು ಏರೂದ್ರಾಗ ಹೊಲಕ್ಕ ಬಾ. ಪುಸ್ತಕ ಮನ್ಯಾಗ ಇಟ್ಟು ಬಾ ಬೇ. ಎತ್ತಿಗೆ ಓದಾಕ ಬರೂದಿಲ್ಲ.”

ಆ ಬೇಸಿಗೆ ನಾನು ಕಲಿತಷ್ಟು ಮುಂದೆ ನಾಲ್ಕು ವರ್ಷದ ಕಾಲೇಜಿನಲ್ಲೂ ಕಲಿತೆನೋ ಇಲ್ಲವೋ... ಬೀಜಗಳನ್ನು ಆಕೆ ನನಗೆ ತೋರಿಸಲೇ ಇಲ್ಲ. ತನ್ನ ಸೀರೆಯ ಉಡಿಯಲ್ಲಿ ಕಡಲಿ, ಕುಸುಬಿ, ಅಗಸಿ, ಹೆಸರು, ಮಡಿಕಿ, ಜೋಳ ಎಲ್ಲ ಕಲಸಿ ಹಾಕಿಕೊಂಡು, ನನ್ನ ಕೈ ಒಳಗೆ ಹಾಕಿಸಿ, “ಹೇಳು, ಯಾವುದು ಹಿಡದಿ?” ಅನ್ನುತ್ತಿದ್ದಳು. ಬಿತ್ತುವಾಗ ಯಾರು ಉಡಿ ನೋಡುತ್ತಾರೆ, ಕಣ್ಣು ಸಾಲಿನ ಮೇಲೆ ಇರಬೇಕು, ಬೆರಳಿಗೇ ಗೊತ್ತಾಗಬೇಕು, ಇದು ಆಕೆಯ ಪದ್ಧತಿ. ಮಣ್ಣಿನ ಹದವನ್ನೂ ಹಂಗೇ ಕಲಿಸಿದಳು. ಒಂದು ಹಿಡಿ ಕಪ್ಪು ಎರಿ ಮಣ್ಣು ಮುಷ್ಟಿಯಲ್ಲಿ ಹಿಚುಕಿ ಮೊಣಕಾಲೆತ್ತರದಿಂದ ಬಿಡುವುದು. ಉಂಡೆಯಾಗೇ ಬಿದ್ದರೆ ಹಸಿ ಹೆಚ್ಚಾಯಿತು, ಹುಡಿಯಾದರೆ ಹದ ಹೋಯಿತು, ನಾಲ್ಕೈದು ಹೆಂಟೆಯಾಗಿ ಒಡೆದರೆ ಬಿತ್ತಬಹುದು.

ಕುಂಟಿ ಮಾತ್ರ ನನ್ನ ಜೀವ ತಿಂದಿತು. ಎತ್ತುಗಳು ನನ್ನನ್ನು ಮೂರು ದಿನ ಹೊಲ ತುಂಬ ಎಳೆದಾಡಿದವು. ಅಂಗೈ ಗುಳ್ಳೆ ಒಡೆದು ಪೆನ್ನು ಹಿಡಿಯಲಿಕ್ಕೂ ಬರದಂಗಾಯಿತು. ನಾನು ಎತ್ತಿನ ಕೊರಳ ಹಗ್ಗ ಹಿಡಿದು ಜಗ್ಗಿ ನೊಗಕ್ಕೆ ತರಲು ಒದ್ದಾಡುತ್ತಿದ್ದರೆ ಚಿಗವ್ವ ಬದುವಿನ ಮೇಲೆ ಕುಂತು ನಗುತ್ತಿದ್ದಳು. “ಹುಚ್ಚಿ, ಯಾಕ ಜಗ್ಗತಿ? ಮೊದಲ ಕೈ ಮುಂದ ಮಾಡು, ಮೂಸಿ ನೋಡ್ಲಿ. ಆಮ್ಯಾಲ ನೊಗ ಎತ್ತಿ ಹಿಡಕೊಂಡು ಸುಮ್ನ ನಿಂದರು. ಯಾವ ಬಾಜೂ ತಮ್ಮದು ಅಂತ ಅವಕ್ಕ ಗೊತ್ತೈತಿ, ತಾವ ಬಂದು ಕೊರಳ ಕೊಡತಾವ.” ನಿಜವಾಗಲೂ ಬಂದವು. ನನಗೆ ಅಳುವೇ ಬಂತು.

ಆ ವರ್ಷ ಮುಂಗಾರಿ ಮಳೆ ಎಂಟು ದಿನ ತಡವಾಯಿತು. ಸಾಕಲ್ಲ ನೆವ. ಒಂದು ಮುಂಜಾನೆ ಊರ ಹಿರಿಯರು ನಾಲ್ಕು ಮಂದಿ ಹೊಲದ ಬದುವಿಗೆ ಬಂದು ನಿಂತರು. ಕುಂಟಿ ನನ್ನ ಕೈಯಲ್ಲಿತ್ತು.

“ಏನವಾ, ನೀ ಒಬ್ಬಾಕಿ ಹಿಡದದ್ದು ಸಾಲಲಿಲ್ಲಂತ ಈ ಹುಡಿಗೀಗೂ ಕಲಸಾಕತ್ತೀ? ಮಳಿ ಹೋತಂದ್ರ ಊರಿಗೆ ಯಾರ ಜವಾಬು?” ಅಂತ ಅವರಲ್ಲಿ ಹಿರಿಯರು ಕೇಳಿದರು.

ಚಿಗವ್ವ ಸೆರಗು ಸರಿಮಾಡಿಕೊಂಡಳು, ದನಿ ಏರಿಸಲಿಲ್ಲ. “ನಾ ಕುಂಟಿ ಹಿಡದು ಹನ್ನೊಂದು ವರ್ಷಾತ್ರಿ. ಅಷ್ಟೂ ವರ್ಷ ನಿಮ್ಮ ಹೊಲಕ್ಕ ಮಳಿ ಬಿದ್ದದ್ದು ಯಾರಿಂದರಿ? ಮಳಿ ಹೋದ್ರ ನನ್ನಿಂದ ಅನ್ನೂದಾದ್ರ, ಬಂದಾಗೂ ನನ್ನ ಮನಿಗೇ ಬಂದು ಕೈ ಮುಗೀರಿ.” ಆಮೇಲೆ ನನ್ನ ಕಡೆ ತಿರುಗಿ, “ನೀ ಯಾಕ ನಿಂತಿ? ಹೊತ್ತಾಗತೈತಿ, ಹೊಡಿ” ಅಂದಳು. ನಾನು ಆ ನಾಲ್ಕು ಮಂದಿಯ ಎದುರಿಗೇ ಎತ್ತು ಹೊಡೆದೆ. ಸಾಲು ನೆಟ್ಟಗೆ ಬಂತು.

ಅವರು ಸುಮ್ಮನೆ ಹೋಗಲಿಲ್ಲ. ಆಗ ಊರ ಕಮ್ಮಾರನಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಕಾಳು ಕೊಡುವ ಪದ್ಧತಿ. ಪ್ರತಿಯಾಗಿ ಆತ ವರ್ಷವಿಡೀ ಎಲ್ಲರ ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದ. ಚಿಗವ್ವ ಒಂದು ವರ್ಷವೂ ಆತನ ಕಾಳು ತಪ್ಪಿಸಿದವಳಲ್ಲ. ಆದರೂ ಹಿರಿಯರ ಮಾತಿಗೆ ಹೆದರಿ ಆತ ಈಕೆಯ ಕುಂಟಿಯ ಅಲಗು ಹಣಿದು ಹರಿತ ಮಾಡಿಕೊಡುವುದಿಲ್ಲ ಅಂದುಬಿಟ್ಟ. ಆಕೆ ಬೈಯಲೂ ಇಲ್ಲ, ಬೇಡಲೂ ಇಲ್ಲ. ಅಲಗು ಬಿಚ್ಚಿ ಅರಿವೆಯಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಬಾಜೂ ಊರಿಗೆ ನಡೆದಳು. ಬಿಸಿಲಲ್ಲಿ ಅಷ್ಟು ದೂರ ನಾನೂ ಸಂಗಡ ನಡೆದೆ. ದಾರಿ ತುಂಬ ನನ್ನಿಂದ ಬೀಜಗಳ ಹೆಸರು ಹೇಳಿಸಿದಳು, ಕಮ್ಮಾರನ ಸುದ್ದಿಯನ್ನೇ ತೆಗೆಯಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಪರೀಕ್ಷೆಯ ದಿನ ಅಪ್ಪ ಸಂಗಡ ಬಂದ. ಕಾಲೇಜಿನ ಹೆಸರು ಬೇಡ. ಬರೆಯುವ ಪರೀಕ್ಷೆ ಮುಂಜಾನೆಯೇ ಮುಗಿದಿತ್ತು, ಮಧ್ಯಾಹ್ನ ಹೊಲಕ್ಕೆ ಕರೆದರು. ಸಾಲಾಗಿ ನಿಂತ ಗಂಡುಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ತಟ್ಟೆಯಲ್ಲಿಟ್ಟ ಬೀಜ ಕಣ್ಣು ಹಾಯಿಸಿದ ಕೂಡಲೇ ಹೇಳಿದೆ. ಮಣ್ಣು ಹಿಚುಕಿ ಬಿಟ್ಟು “ಎರಡು ದಿನ ತಡೀಬೇಕ್ರಿ, ಹಸಿ ಐತಿ” ಅಂದೆ. ಪರೀಕ್ಷೆ ಮಾಡುತ್ತಿದ್ದ ಸಾಹೇಬರು ಬರೆದುಕೊಂಡು, “ಸಾಕವಾ. ಕುಂಟಿ ನಿನ್ನ ಕೈಲೆ ಆಗೂದಿಲ್ಲ, ಆ ಮಾರ್ಕ್ಸ್ ಬಿಟ್ಟುಬಿಡು” ಅಂದರು. ಕೆಟ್ಟ ಮನುಷ್ಯರಲ್ಲ, ನನ್ನ ಮೇಲೆ ಕರುಣೆ ತೋರಿಸುತ್ತಿದ್ದರು. ಆ ಮಾರ್ಕ್ಸ್ ಹೋದರೆ ಸೀಟು ಹೋದಂತೆ. ಬೇಲಿಯ ಆಚೆ ನಿಂತ ಅಪ್ಪನ ಮುಖ ನೋಡಿದೆ, ಆತ ಆಗಲೇ ಊರಿಗೆ ಹೊರಡುವ ತಯಾರಿಯಲ್ಲಿದ್ದ.

“ಬಿಡೂದಿಲ್ರಿ ಸರ್. ಎತ್ತು ಕೊಡ್ರಿ” ಅಂದೆ.

ಎಲ್ಲರ ಎದುರಿಗೇ ಸೀರೆ ಕಚ್ಚೆ ಹಾಕಿದೆ. ಹುಡುಗರು ಕಿಸಕ್ಕನೆ ನಕ್ಕರು, ನಗಲಿ. ನನಗಿಂತ ಮೊದಲು ಹೋದ ಇಬ್ಬರು ಆ ಎತ್ತುಗಳನ್ನು ಜಗ್ಗಾಡಿ ರೇಗಿಸಿ ಇಟ್ಟಿದ್ದರು. ನಾನು ಕೈ ಮುಂದೆ ಮಾಡಿದೆ, ಮೂಸಿದವು. ನೊಗ ಎತ್ತಿ ಹಿಡಿದು ಸುಮ್ಮನೆ ನಿಂತೆ. ಎಷ್ಟು ಹೊತ್ತು ನಿಂತೆನೋ... ಭುಜ ಸೋಲತೊಡಗಿತ್ತು. ಬಲಗಡೆಯ ಎತ್ತು ಮೊದಲು ಬಂತು, ಹಿಂದೆಯೇ ಇನ್ನೊಂದು ಬಂತು. ಹೋಗುತ್ತಾ ಒಂದು ಸಾಲು, ಬರುತ್ತಾ ಒಂದು ಸಾಲು ಹೊಡೆದು ನಿಲ್ಲಿಸಿದಾಗ ಯಾರೂ ನಗುತ್ತಿರಲಿಲ್ಲ.

ಸಾಹೇಬರು ಹತ್ತಿರ ಬಂದು ಸಾಲು ನೋಡಿ, “ಛಲೋ ಐತಿ. ಯಾರು ಕಲಿಸಿದ್ರವಾ?” ಅಂತ ಕೇಳಿದರು.

ಚಿಗವ್ವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆದರಿದೆ. ಒಬ್ಬ ಹೆಣ್ಣುಮಗಳು ಕಲಿಸಿದಳು, ಅದೂ ಗಂಡ ಸತ್ತಾಕಿ ಅಂದರೆ ಎಲ್ಲಿ ನಕ್ಕುಬಿಡುತ್ತಾರೋ, ಎಲ್ಲಿ ಮಾರ್ಕ್ಸ್ ಕಡಿಮೆ ಬೀಳುತ್ತದೋ... “ನಮ್ಮಪ್ಪರಿ” ಅಂದೆ. ಸಾಹೇಬರು ಮೆಚ್ಚಿ ತಲೆಯಾಡಿಸಿ, ಬೇಲಿಯ ಆಚೆಯ ಅಪ್ಪನಿಗೆ ಕೈ ಎತ್ತಿ ನಮಸ್ಕಾರ ಮಾಡಿದರು. ಅಪ್ಪನೂ ಎದೆ ಉಬ್ಬಿಸಿ ನಮಸ್ಕಾರ ಮಾಡಿದ.

ಸೀಟು ಸಿಕ್ಕಿತು. ಅಪ್ಪ ಮಾತಿಗೆ ತಪ್ಪಲಿಲ್ಲ, ಯರಗುಪ್ಪಿಗೆ ತಾನೇ ಹೋಗಿ ಮದುವೆ ಮಾತು ಮುರಿದು ಬಂದ. ಅದರ ಸಂಗಡ ಅಡತಿ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ, ಮಗಳು ಸಾಹೇಬರ ಮುಂದೆ ಅಪ್ಪನ ಹೆಸರು ಹೇಳಿದ್ದನ್ನು. ಎರಡು ದಿನಕ್ಕೆ ಅದು ಚಿಗವ್ವನ ಕಿವಿಗೂ ಬಿತ್ತು.

ನಾನು ಪೇಢೆ ತಗೊಂಡು ಹೊಲಕ್ಕೆ ಹೋದಾಗ ಆಕೆ ಎತ್ತಿಗೆ ನೀರು ಕುಡಿಸುತ್ತಿದ್ದಳು. ಪೇಢೆ ಬಾಯಿಗೆ ಹಾಕಿಕೊಂಡಳು, ನಕ್ಕಳು ಕೂಡ. “ನಿಮ್ಮಪ್ಪ ಹರಗಿದ್ದು ನಾ ನೋಡೀನಿ ಬೇ. ಹಾವು ಹರದಂಗ ಇರತಾವ ಸಾಲು. ಅಂವಾ ಕಲಸಿದ್ದಿದ್ರ ನೀ ನಪಾಸಾಗಿರ್ತಿದ್ದಿ.” ಅಷ್ಟೇ ಅಂದಳು. ನಾನು ತಪ್ಪಾಯಿತು ಅಂತ ಹೇಳಬೇಕಿತ್ತು, ಉಳಿದ ಪೇಢೆ ಕಟ್ಟಿಕೊಂಡು ಮನೆಗೆ ಬಂದೆ. ನಾನು ಟ್ರಂಕು ಹೊತ್ತು ಹೊರಟ ದಿನ ಓಣಿಯವರೆಲ್ಲ ಸ್ಟೇಶನ್ನಿಗೆ ಬಂದಿದ್ದರು. ಆಕೆ ಬರಲಿಲ್ಲ, ಹೊಲದಲ್ಲಿ ಕೆಲಸ ಇತ್ತಂತೆ.

ರಜೆಗೆ ಊರಿಗೆ ಹೋದಾಗ ಮಾತಾಡುತ್ತಿದ್ದೆವು, ಎತ್ತಿನ ಸುದ್ದಿ, ಬೆಳೆಯ ಸುದ್ದಿ. ಆ ಒಂದು ಸುದ್ದಿ ಬಿಟ್ಟು. ನಾನು ಎರಡನೇ ವರ್ಷದಲ್ಲಿದ್ದಾಗ ಆಕೆ ಜ್ವರದಲ್ಲಿ ಹೋದಳು. ಪತ್ರ ಬಂದು ಮುಟ್ಟುವ ಹೊತ್ತಿಗೆ ಹದಿಮೂರು ದಿನ ಕಳೆದಿತ್ತು. ಮೈದುನರು ಎತ್ತು ಮಾರಿದರು, ಹೊಲ ಹಂಚಿಕೊಂಡರು. ಆಮೇಲೆ ನಾನು ಕೃಷಿ ಇಲಾಖೆಯಲ್ಲಿ ಅಧಿಕಾರಿಯಾದೆ, ಎಷ್ಟೋ ಹಳ್ಳಿಯ ಬದುವಿನ ಮೇಲೆ ನಿಂತು ಗಂಡಸರಿಗೆ ಒಕ್ಕಲುತನ ಹೇಳಿದೆ, ನಿವೃತ್ತಿಯೂ ಆದೆ. ಈಗ ಅಪ್ಪ ಇಲ್ಲ. ಆ ಸಾಹೇಬರೂ ಇರಲಿಕ್ಕಿಲ್ಲ. ತಪ್ಪಾಯಿತು ಅಂತ ಯಾರ ಮುಂದೆ ಹೇಳಬೇಕಿತ್ತೋ ಆಕೆಯಂತೂ ಎಂದೋ ಹೋದಳು.

ಆದರೂ ಹೇಳುತ್ತೇನೆ. ಸಾಹೇಬರೇ, ಅವತ್ತು ನೀವು ಕೇಳಿದ ಎಲ್ಲದಕ್ಕೂ ನಾನು ಸರಿಯಾದ ಉತ್ತರ ಕೊಟ್ಟೆ, ಕೊನೆಯದೊಂದು ಬಿಟ್ಟು. ಆ ತಪ್ಪು ಉತ್ತರಕ್ಕೇ ನೀವು ಮೆಚ್ಚಿ ತಲೆಯಾಡಿಸಿದಿರಿ. ನನಗೆ ಕಲಿಸಿದಾಕಿ ಹೆಣ್ಣುಮಗಳು. ಗಂಡಬೀರಿ ಅಂತ ಊರು ಕರೆದಾಕಿ. ಈಗ ಎಷ್ಟು ಮಾರ್ಕ್ಸ್ ಕಳೀತೀರೋ ಕಳೀರಿ.