ಹಿಂದಿನ ಪುಟದಿಂದ ಓದುತ್ತಿದ್ದ ಮಾಸ್ಟ್ರು

ಮೊನ್ನೆ ಕೊರಿಯರಿನವನು ಕೊಟ್ಟುಹೋದ ಕಟ್ಟು ಬಿಚ್ಚಿದಾಗ ಮೂಗಿಗೆ ಬಡಿದದ್ದು ಹೊಸ ಕಾಗದ ಮತ್ತು ಗೋಂದಿನ ಆ ಹಳೆಯ ವಾಸನೆ... ಮುಂಬಯಿಗೆ ವಲಸೆ ಬಂದ ಕೂಲಿಕಾರರ ಆರ್ಥಿಕ ಇತಿಹಾಸ. ಯಾವುದೋ ವಿಶ್ವವಿದ್ಯಾಲಯದವರು ತಂದ ದಪ್ಪ ಇಂಗ್ಲಿಷ್ ಪುಸ್ತಕ. ಮಗಳು ಅದನ್ನು ಕೈಯಲ್ಲಿ ತೂಗಿ ನೋಡಿ, "ಅಮ್ಮಾ, ಇಷ್ಟು ಮೋಟಾ ಬುಕ್? ಎಕ್ಸಾಮ್ ಹೈ ಕ್ಯಾ ನಿನ್ನದು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೈ ತಾನಾಗಿ ಕಡೆಯ ಪುಟಗಳನ್ನು ತಿರುವುತ್ತಿತ್ತು. ಈ ಚಾಳಿ ಹತ್ತಿಸಿದವರು ನಮ್ಮ ಮಾಸ್ಟ್ರು.

ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಅವರದು ನಮ್ಮ ಮೇಲಿನ ಮನೆ. ಉಡುಪಿ ಕಡೆಯವರು, ಮದುವೆಯಾಗದೆ ಉಳಿದವರು, ನೈಟ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ತುಂಬ ಮೃದು ಸ್ವಭಾವದವರು ಎಂದು ಬರೆದರೆ ಶುದ್ಧ ಸುಳ್ಳಾದೀತು. ಮಹಾ ಸಿಡುಕ. ಲಿಫ್ಟಿನಲ್ಲಿ ಸಿಕ್ಕಿದರೆ ಊಟ ಆಯಿತಾ ಎಂದು ಕೇಳುವ ಪೈಕಿ ಅಲ್ಲ. "ಈರುಳ್ಳಿ ರೇಟು ಯಾಕೆ ಏರಿತು, ಹೇಳು ನೋಡುವಾ" ಎಂದು ಅಡ್ಡಗಟ್ಟುವರು. ಮಳೆ ಎಂದೋ ಲಾರಿ ಮುಷ್ಕರ ಎಂದೋ ನಾನು ತಡವರಿಸಿದರೆ, "ಪೇಪರ್ ಓದಿಯೇ ಹಾಳಾದಿರಿ ನೀವು" ಎಂದು ಮುಖ ತಿರುಗಿಸುವರು.

ಅವರ ಜೀವವೆಲ್ಲ ಇದ್ದದ್ದು ಘಾಟ್ಕೋಪರಿನ ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ. ಲೈಬ್ರರಿ ಅಂದರೆ ಸಭಾಂಗಣದ ಪಕ್ಕದ ಒಂದು ಕೋಣೆ, ಬೀಗದ ಕೈ ಮಾಸ್ಟ್ರ ಜೇಬಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಬ್ಯಾಂಕುಗಳ ಇತಿಹಾಸ, ಬರಗಾಲದ ಅರ್ಥಶಾಸ್ತ್ರ, ಮುಚ್ಚಿದ ಗಿರಣಿಗಳ ಕತೆ... ಹೊಸದಾಗಿ ಬಂದ ವಿದ್ವತ್ಪೂರ್ಣ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ತರಿಸಿ, ವಾರವೆಲ್ಲ ಓದಿ, ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇನ್ಶುರೆನ್ಸ್ ಆಫೀಸಿನ ಫೈಲುಗಳಲ್ಲಿ ಮುಳುಗಿರುತ್ತಿದ್ದ ನನಗೆ ತಲೆಗೆ ಸ್ವಲ್ಪ ಗಾಳಿ ಬೆಳಕು ಆಡಿದ್ದು ಅಲ್ಲಿ ಮಾತ್ರ.

ಅವರು ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಶುರು ಮಾಡಿದವರಲ್ಲ. ನಮ್ಮ ಜೊತೆ ವಿಜಯಪುರ ಕಡೆಯ ಒಬ್ಬ ಗೌಂಡಿ ಬರುತ್ತಿದ್ದ, ಕಟ್ಟಡ ಕೆಲಸದವನು. ಹೊಸ ಪುಸ್ತಕ ಚೀಲದಿಂದ ಹೊರಬಂದ ಕೂಡಲೇ ಅವನದು ಒಂದೇ ಪ್ರಶ್ನೆ: "ಇದರಾಗ ನಮ್ಮ ಮಂದಿ ಸುದ್ದಿ ಏನರ ಐತೇನ್ರಿ ಸರ?" ಮಾಸ್ಟ್ರು ಕೊನೆಯ ಪುಟಗಳ ಪದಸೂಚಿಗೆ ಹೋಗಿ ಬೆರಳಾಡಿಸುವರು. ಮಂತ್ರಿಗಳಿರುತ್ತಿದ್ದರು, ಗಿರಣಿ ಮಾಲೀಕರಿರುತ್ತಿದ್ದರು. "ಇಲ್ಲ ಮಾರಾಯ, ಇದರಲ್ಲೂ ನಿಮ್ಮನ್ನು ಬಿಟ್ಟಿದ್ದಾರೆ" ಎನ್ನುವರು. ಗೌಂಡಿ ನಗುತ್ತಿದ್ದ. ಮಾಸ್ಟ್ರಿಗೆ ಮಾತ್ರ ಪ್ರತಿ ಸಲವೂ ಹೊಸದಾಗಿ ಸಿಟ್ಟು ಬರುತ್ತಿತ್ತು.

ಹಾಗಿರುವಾಗ ಮುಂಬಯಿಯ ಉಡುಪಿ ಹೋಟೆಲುಗಳ ಆರ್ಥಿಕ ಇತಿಹಾಸದ ಮೇಲೆ ಒಂದು ಪುಸ್ತಕ ಬಂತು. ಬರೆದಾಕೆ ಉತ್ತರದ ಕಡೆಯ ವಿದ್ವಾಂಸೆ. ಮುಖಪುಟದಲ್ಲಿ ಗ್ರಾಂಟ್ ರೋಡಿನ ಒಂದು ಹಳೆಯ ಹೋಟೆಲಿನ ಫೋಟೊ; ಅದರಲ್ಲಿ ಗಲ್ಲಾದ ಮುಂದೆ ಕೂತವರು ನಮ್ಮ ಸಂಘದ ಅಧ್ಯಕ್ಷರ ಅಜ್ಜ. ಅಷ್ಟು ಸಾಕಾಯಿತು. ಅಧ್ಯಕ್ಷರು ಹೋಟೆಲ್ ಮಾಲೀಕರು, ಸಮಿತಿಯಲ್ಲೂ ಮುಕ್ಕಾಲು ಪಾಲು ಹೋಟೆಲಿನವರೇ. ಒಳಗೆ ಏನಿದೆ ಎಂದು ಒಬ್ಬರೂ ಕಣ್ಣು ಹಾಯಿಸಲಿಲ್ಲ. ರಾಶಿಗಟ್ಟಲೆ ಪ್ರತಿ ತರಿಸಿ, ತಮ್ಮ ಮಕ್ಕಳ ಮದುವೆಗೆ ಬಂದವರಿಗೆ ತೆಂಗಿನಕಾಯಿಯ ಬದಲು ಅದನ್ನೇ ಹಂಚಿದರು. ವಿದ್ವಾಂಸೆಗೆ ಸಂಘದಲ್ಲಿ ಸನ್ಮಾನವೂ ನಿಗದಿಯಾಯಿತು, ಕೃತಿ ಪರಿಚಯಕ್ಕೆ ಮಾಸ್ಟ್ರು. "ನಾಲ್ಕು ಒಳ್ಳೆ ಮಾತು ಹೇಳಿಬಿಡಿ ಮಾಸ್ಟ್ರೇ, ಊಟಕ್ಕೆ ತಡ ಆಗ್ಬಾರ್ದು" ಎಂದರು ಅಧ್ಯಕ್ಷರು. "ಪುಸ್ತಕದಲ್ಲಿ ಇದ್ದದ್ದು ಹೇಳ್ತೇನೆ" ಎಂದರು ಮಾಸ್ಟ್ರು.

ಹಾಗೆಯೇ ಹೇಳಿದರು. ಪುಸ್ತಕದ ಅರ್ಧದಷ್ಟು ಇದ್ದದ್ದು ಹೋಟೆಲಿನ ಕೆಲಸದವರ ಬಗ್ಗೆ. ಊರಿನಿಂದ ಚಿಕ್ಕ ಪ್ರಾಯದಲ್ಲೇ ಕರೆತಂದದ್ದು, ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿಸಿದ್ದು, ಯೂನಿಯನ್ನಿಗೆ ಹೆಸರು ಕೊಟ್ಟವರ ಹಾಸಿಗೆ ಚಾಪೆಯನ್ನು ಬೀದಿಗೆ ಎಸೆದದ್ದು. ಮಾಸ್ಟ್ರು ಅದನ್ನೆಲ್ಲ ದೂರುವ ದನಿಯಲ್ಲಿ ಹೇಳಲಿಲ್ಲ. ಕೊನೆಗೂ ಒಬ್ಬರು ಇವರನ್ನು ಬಿಡದೆ ಬರೆದಿದ್ದಾರೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ನನ್ನ ಅಪ್ಪ ಅಂಥದ್ದೇ ಮೇಜಿನ ಮೇಲೆ ಮಲಗಿ ದೊಡ್ಡವರಾದವರು. ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಗೊತ್ತಾದದ್ದು ಅಮ್ಮನಿಂದ. ಅಪ್ಪ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ ಅವರ ಬದುಕು ಮೈಕಿನಲ್ಲಿ ಕೇಳಿಸಿತು. ನನಗೆ ಅಳುವೂ ಬಂತು, ಹೆಮ್ಮೆಯೂ ಆಯಿತು.

ಆಮೇಲೆ ಶಾಲು ಹೊದ್ದ ವಿದ್ವಾಂಸೆ ಎದ್ದು ನಿಂತರು. ಸಮುದಾಯದ ಸಾಹಸ, ದುಡಿಮೆ, ಇಡ್ಲಿಯ ರುಚಿ, ಎಲ್ಲ ಹೊಗಳಿದರು. ತಾವೇ ಬರೆದ ಆ ಅರ್ಧದ ಬಗ್ಗೆ ಒಂದು ಮಾತೂ ಇಲ್ಲ. ಅಧ್ಯಕ್ಷರು ನಗುತ್ತಾ ಮೈಕ್ ಹಿಡಿದು, "ಬರೆದವರೇ ಹೀಗೆ ಹೇಳ್ತಾರೆ. ನಮ್ಮ ಮಾಸ್ಟ್ರಿಗೆ ಪ್ರಾಯ ಆಯ್ತು, ಇಂಗ್ಲಿಷ್ ಸ್ವಲ್ಪ ಕೈಕೊಟ್ಟಿತು ಕಾಣ್ತದೆ" ಎಂದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟದ ಹೊತ್ತಿಗೆ ಮಾಸ್ಟ್ರು ಆಕೆಯನ್ನು ಹಿಡಿದು ನಿಲ್ಲಿಸಿ ನೇರವಾಗಿಯೇ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಸಭೆಯಲ್ಲಿ ಅದೆಲ್ಲ ಯಾಕೆ ಸರ್, ಹೇಗೂ ಪುಸ್ತಕದಲ್ಲಿ ಇದೆಯಲ್ಲ ಎಂದು ಆಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ತಟ್ಟೆ ಹಿಡಿದು ಮುಂದೆ ಹೋದರು. ಇವತ್ತಿಗೂ ನನಗೆ ಅಧ್ಯಕ್ಷರಿಗಿಂತ ಆಕೆಯ ಮೇಲೆಯೇ ಹೆಚ್ಚು ಸಿಟ್ಟು.

ಮುಂದಿನ ವಾರವೇ ರಿಪೇರಿಯ ನೆಪ ಹೇಳಿ ಸಮಿತಿಯವರು ಬೀಗದ ಕೈ ಕೇಳಿ ಪಡೆದರು. ಪುಸ್ತಕಗಳು ಗೋಣಿಚೀಲ ಸೇರಿದವು. ಕೋಣೆಗೆ ಏಸಿ ಬಂತು, ಬರ್ತ್‌ಡೇ, ನಾಮಕರಣಗಳ ಹಾಲ್ ಆಯಿತು. ನಮ್ಮ ಮನೆಯಲ್ಲೇ ಕೂರೋಣ ಎಂದು ನಾನು ಎಲ್ಲರಿಗೂ ಹೇಳಿದೆ. ಲೋಕಲ್ ಹಿಡಿದು ಮುಲುಂಡಿಗೆ ಬರುವಷ್ಟು ಆಸೆ ಯಾರಿಗೂ ಇರಲಿಲ್ಲ; ಗೌಂಡಿಗೆ ಬೇರೆಲ್ಲೋ ದೂರದಲ್ಲಿ ಕೆಲಸ ಸಿಕ್ಕಿತ್ತು. "ಓದಿದ್ದನ್ನು ಹೇಳ್ಲಿಕ್ಕೆ ಮನುಷ್ಯರು ಬೇಕು ಮಾರಾಯ್ತಿ. ಗೋಡೆಗೆ ಹೇಳ್ಲಿಕ್ಕಾಗ್ತದಾ?" ಎಂದರು ಮಾಸ್ಟ್ರು. ಬರಬರುತ್ತಾ ಪುಸ್ತಕ ತರಿಸುವುದು ನಿಂತಿತು. ಲಿಫ್ಟಿನಲ್ಲಿ ಸಿಕ್ಕಿದರೆ, ಊಟ ಆಯಿತಾ ಎಂದು ಕೇಳತೊಡಗಿದರು.

ಕಳೆದ ತಿಂಗಳು ಅವರು ಹೋದರು. ಶ್ರದ್ಧಾಂಜಲಿ ಸಭೆ ಅದೇ ಏಸಿ ಹಾಲಿನಲ್ಲಿ, ಯಾರದೋ ಬರ್ತ್‌ಡೇಯ ಬಲೂನುಗಳು ಇನ್ನೂ ಮೂಲೆಯಲ್ಲಿದ್ದವು. ಅಧ್ಯಕ್ಷರು, ಈಗ ಅವರೂ ಕೋಲು ಹಿಡಿದವರು, ಫೋಟೊಕ್ಕೆ ಶಾಲು ಹೊದೆಸಿ, ನಮ್ಮ ಹೋಟೆಲುಗಳ ಹೆಮ್ಮೆಯ ಪುಸ್ತಕವನ್ನು ಸಭೆಗೆ ಪರಿಚಯಿಸಿದ ಮಹನೀಯರು ಎಂದು ಗದ್ಗದರಾದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಆ ಪುಸ್ತಕವನ್ನು ಇಲ್ಲಿ ಯಾರಾದರೂ ಓದಿದ್ದೀರಾ?" ಎಂದು ಕೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಕೇಳಿದ್ದೆ. ಅಧ್ಯಕ್ಷರು ಸಿಟ್ಟು ಮಾಡಲಿಲ್ಲ, ನನ್ನತ್ತ ನಿಜವಾಗಿ ಆಶ್ಚರ್ಯದಿಂದ ನೋಡಿದರು.

"ಓದ್ಲಿಕ್ಕೆ ಮಾಸ್ಟ್ರು ಇದ್ರಲ್ಲಮ್ಮಾ" ಎಂದರು.

ನಾನು ಕೂತೆ. ಮನೆಗೆ ಬಂದವಳೇ ಈ ಹೊಸ ಪುಸ್ತಕಕ್ಕೆ ಹೇಳಿಕಳಿಸಿದ್ದು. ದಿನಾ ಸ್ವಲ್ಪ ಸ್ವಲ್ಪ ಓದುತ್ತಿದ್ದೇನೆ, ಹಟಕ್ಕೆ. ಅರ್ಥವಾಗದ ಜಾಗ ಬಂದಾಗ ಪುಸ್ತಕ ಹಿಡಿದು ಮೆಟ್ಟಿಲ ತನಕ ಹೋಗಿಬಿಡುತ್ತೇನೆ... ಮೇಲಿನ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ.