ಗುರುವಾರ ಹನ್ನೊಂದಕ್ಕೆ ಸ್ವಿಚ್ಚು ಎಳೆದವರು

ಅವರ ಖಾಕಿ ಅಂಗಿಯ ಎದೆಯ ಮೇಲೆ ಬಟ್ಟೆಗಿಂತ ತೂತುಗಳೇ ಹೆಚ್ಚಿದ್ದವು. ಆಸಿಡ್ ಸಿಡಿದಲ್ಲೆಲ್ಲ ಕಂದು ಅಂಚಿನ ಒಂದು ಕಿಂಡಿ. ಒಳಗಿನ ಬನಿಯನ್ನಿನಲ್ಲಿ ಅದೇ ನಕ್ಷೆಯ ಎರಡನೆಯ ಪ್ರತಿ. ಹೊಸ ಅಂಗಿ ಹಾಕಿಕೊಳ್ಳಬಾರದೇ ಎಂದರೆ, "ಹೊಸದಕ್ಕೂ ಇದೇ ಗತಿ ಮಾರಾಯ್ತಿ. ಹಳೇದಕ್ಕೆ ಅಭ್ಯಾಸನಾದ್ರೂ ಆಗಿದೆ" ಎನ್ನುತ್ತಿದ್ದರು. ಎಡಗೈಯಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ.

ಐವತ್ತರ ದಶಕದ ಮಾತು. ನಾವು ಕೆಲಸಕ್ಕಿದ್ದ ಕಂಪನಿಗೆ ಶಿವಮೊಗ್ಗದಲ್ಲಿ ಕಚೇರಿ, ಭದ್ರಾವತಿಯಲ್ಲಿ ಮರ ಕೊಯ್ಯುವ ಗಿರಣಿ, ನಡುವೆ ಕಂಪನಿಗೆಂದೇ ಗುತ್ತಿಗೆ ಹಿಡಿದ ಟೆಲಿಫೋನ್ ತಂತಿ. ಕಚೇರಿಯ ಬೋರ್ಡಿನ ಮುಂದೆ ಕೂತು ಇವರಿಗೆ ಅವರನ್ನು ಜೋಡಿಸಿಕೊಡುವುದು ನನ್ನ ಕೆಲಸ. ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ಹನ್ನೆರಡು ಗಾಜಿನ ಜಾಡಿಗಳ ಬ್ಯಾಟರಿ ಇತ್ತು. ಊರಿನ ಕರೆಂಟು ಹೋದಾಗ ಟೆಲಿಫೋನು ಜೀವ ಹಿಡಿದಿರಬೇಕಾದದ್ದು ಅದರಿಂದ. ಆ ಕೋಣೆಯ ಒಡೆತನ ಈ ಖಾಕಿ ಅಂಗಿಯವರದು. ಎಲ್ಲರ ಬಾಯಲ್ಲೂ ಬ್ಯಾಟರಿ ಸಾಬರು. ಭದ್ರಾವತಿಯಿಂದ ಬೆಳಗಿನ ರೈಲಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಬಿಡಬೇಕೆಂಬ ನಿಯಮವೇನೂ ಇರಲಿಲ್ಲ. ಆಸಿಡ್ ಇರುವ ಕೋಣೆಗೆ ಬರಿಗಾಲಲ್ಲಿ ಹೋಗಬಾರದೆಂಬ ನಿಯಮವಿತ್ತು.

ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಅವರು ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದು ಕಚೇರಿಯ ಕರೆಂಟನ್ನು ಕಡಿಯುತ್ತಿದ್ದರು. ಒಂದು ತಾಸು ಕಂಪನಿಯ ಸಮಸ್ತ ಮಾತುಕತೆ ಬ್ಯಾಟರಿಯ ಮೇಲೆ ನಡೆಯಬೇಕು. ಆಮೇಲೆ ಒಂದೊಂದು ಜಾಡಿಗೂ ಗಾಜಿನ ನಳಿಕೆ ಇಳಿಸಿ, ಆಸಿಡ್ಡಿನ ಸತ್ವ ಅಳೆದು, ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಈ ವ್ರತ ಯಾರಿಗೂ ಹಿಡಿಸಿರಲಿಲ್ಲ. ಫ್ಯಾನುಗಳು ನಿಲ್ಲುತ್ತಿದ್ದವು, ಹೊಸದಾಗಿ ಬಂದ ಮ್ಯಾನೇಜರು ಬೆವರುತ್ತಿದ್ದರು, ಮತ್ತು ಮ್ಯಾನೇಜರು ಬೆವರುವುದು ಕಂಪನಿಯ ಘನತೆಗೆ ಕುಂದೆಂಬುದರಲ್ಲಿ ಎರಡು ಅಭಿಪ್ರಾಯವಿರಲಿಲ್ಲ.

"ಕರೆಂಟು ಇರೋವಾಗ ಯಾಕ್ರೀ ಸಾಬ್ರೇ ತೆಗೀತೀರಿ?" ಎಂದು ಮ್ಯಾನೇಜರು ಒಮ್ಮೆ ಕೇಳಿದರು.

"ಹೋದ್ಮೇಲೆ ತೆಗೆಯೋಕೆ ಏನಿರುತ್ತೆ ಸಾರ್?"

ಬೆರಳುಗಳ ಕಥೆಯನ್ನು ನಾನು ಒಂದೇ ಸಲ ಕೇಳಿದ್ದೆ. ಮೊದಲು ಅವರು ಗಿರಣಿಯಲ್ಲೇ ಇದ್ದವರು. ಗರಗಸಕ್ಕೆ ಕೈ ಸಿಕ್ಕ ದಿನ ಶಿವಮೊಗ್ಗದಲ್ಲಿ ಕರೆಂಟಿರಲಿಲ್ಲ. ಅಲ್ಲಿನ ಕಂಪನಿ ಡಾಕ್ಟರಿಗೆ ಫೋನು ಮಾಡಿದರೆ, ಯಾರೂ ವರ್ಷಗಟ್ಟಲೆ ಮುಟ್ಟಿ ನೋಡದ ಕಚೇರಿಯ ಬ್ಯಾಟರಿ ಸತ್ತು ಕೂತಿತ್ತು. ಡಾಕ್ಟರು ಬಂದದ್ದು ಮಾರನೆಯ ದಿನ. "ಒಂದು ಬೆರಳು ಗರಗಸ ತಗೊಂಡಿದ್ದು. ಇನ್ನೊಂದು ಟೆಲಿಫೋನು ತಗೊಂಡಿದ್ದು," ಎಂದು ಹೇಳಿ, ಸಾಬರು ಚಹಾ ಮುಗಿಸಿ ಎದ್ದುಹೋದರು.

ಮ್ಯಾನೇಜರು ಕೊನೆಗೆ ಆಜ್ಞೆ ಹೊರಡಿಸಿದರು: ಗುರುವಾರದ ಪರೀಕ್ಷೆ ನಿಲ್ಲತಕ್ಕದ್ದು, ರಿಜಿಸ್ಟರಿನಲ್ಲಿ ಮಾತ್ರ ನಡೆದಂತೆ ಬರೆಯತಕ್ಕದ್ದು. ಸಾಬರು ಮೊದಲರ್ಧವನ್ನು ಪಾಲಿಸಿದರು. ಎರಡನೆಯದರ ಬದಲು ವಾರವಾರವೂ ದಪ್ಪ ಅಕ್ಷರದಲ್ಲಿ "ಪರೀಕ್ಷೆ ಮಾಡಿಲ್ಲ. ಏಳನೇ ಜಾಡಿ ಸೊರಗಿದೆ" ಎಂದು ಬರೆಯತೊಡಗಿದರು. ಮೂರನೆಯ ವಾರ ಮ್ಯಾನೇಜರು ಆ ಹಾಳೆಯನ್ನೇ ಹರಿದು, ರಿಜಿಸ್ಟರನ್ನು ತಂದು ನನ್ನ ಮುಂದಿಟ್ಟರು. ನನ್ನ ಅಕ್ಷರ ದುಂಡಗಿತ್ತೆಂಬುದೇ ನನ್ನ ಅರ್ಹತೆ.

ನಾನು ಬರೆದೆ. ಮನೆಯಲ್ಲಿ ನನ್ನ ಸಂಬಳವನ್ನೇ ನಂಬಿದ್ದರು ಎಂಬ ಕಾರಣ ನನ್ನ ಬಳಿ ಇತ್ತು. ಕಾರಣ ಎಲ್ಲರ ಬಳಿಯೂ ಇರುತ್ತದೆ. ಹಳೆಯ ಅಂಕಿಗಳನ್ನು ಒಮ್ಮೆ ನಕಲು ಮಾಡಿ, ಅವುಗಳ ಕೆಳಗೆ ವಾರವಾರವೂ ಎರಡೆರಡು ಗೀಟು.

ಒಂದು ದಿನ ಸಾಬರು ನನ್ನ ಭುಜದ ಮೇಲಿಂದ ನೋಡಿ ಕೇಳಿದರು: "ಈ ಗೀಟು ಏನಮ್ಮಾ?"

"ಮೇಲಿನಂತೆ ಅಂತ."

"ಬ್ಯಾಟರಿಗೆ ಮೇಲಿನಂತೆ ಅನ್ನೋದು ಗೊತ್ತಿಲ್ಲ ಮಾರಾಯ್ತಿ. ಅದಕ್ಕೆ ಇವತ್ತು ಒಂದೇ ಗೊತ್ತು."

ಬೈದಿದ್ದರೆ ಚೆನ್ನಾಗಿತ್ತು.

ಮಾಲೀಕರು ತಪಾಸಣೆಗೆ ಬಂದದ್ದು ಒಂದು ಗುರುವಾರ. ಸಾಬರ ಸೇವೆ ಮುಗಿಯಲು ಎಂಟು ತಿಂಗಳಿತ್ತು. ಸುಮ್ಮನಿದ್ದರೆ ಹಾರ, ಶಾಲು, ಒಂದು ಭಾಷಣ ಖಾತ್ರಿ. ಮ್ಯಾನೇಜರು ಸಕಲ ಮರ್ಯಾದೆಗಳೊಡನೆ ಮಾಲೀಕರನ್ನು ಬೋರ್ಡಿನ ಬಳಿ ಕರೆತಂದು, ನನ್ನ ದುಂಡಗಿನ ರಿಜಿಸ್ಟರನ್ನು ತೆರೆದು ತೋರಿಸಿ, "ಬ್ಯಾಟರಿ ಬಂಡೆ ಇದ್ದ ಹಾಗಿದೆ ಸಾರ್" ಎಂದರು. ಮಾಲೀಕರು ಸಂತೋಷಪಟ್ಟು, ಗಿರಣಿಗೆ ಮಾತಾಡಬೇಕೆಂದು ರಿಸೀವರ್ ಎತ್ತಿಕೊಂಡರು. ನಾನು ತಂತಿ ಜೋಡಿಸಿದೆ. ಗಡಿಯಾರ ಹನ್ನೊಂದು ಹೊಡೆಯಿತು.

ಬ್ಯಾಟರಿ ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಾಬರು, "ಹಾಗಾದ್ರೆ ಪರೀಕ್ಷೆಗೆ ಅಪ್ಪಣೆ ಆಯ್ತು" ಎಂದು ಸ್ವಿಚ್ಚನ್ನು ಕೆಳಗೆಳೆದರು.

ಫ್ಯಾನು ನಿಧಾನವಾಗಿ ನಿಂತಿತು. ಬೋರ್ಡಿನ ದೀಪಗಳು ಮೊದಲು ಹಳದಿಯಾದವು, ಆಮೇಲೆ ಕೆಂಪಗೆ ಕಣ್ಣು ಮಿಟುಕಿಸಿದವು. ಮಾಲೀಕರು ನಾಲ್ಕೈದು ಸಲ "ಹಲೋ" ಎಂದರು. ಐದು ನಿಮಿಷವೂ ಆಗಿರಲಿಲ್ಲ, ದೀಪಗಳೆಲ್ಲ ಆರಿದವು. ಮಾಲೀಕರು ರಿಸೀವರನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದರು.

"ಸ್ವಿಚ್ ಹಾಕ್ರೀ ಸಾಬ್ರೇ," ಎಂದು ಮ್ಯಾನೇಜರು ಗದರಿದರು.

"ಹಾಕ್ತೀನಿ ಸಾರ್. ನಿಜವಾಗ್ಲೂ ಕರೆಂಟು ಹೋದ ದಿನ ಯಾರಿಗೆ ಹೇಳ್ತೀರಿ?" ಎಂದವರು ಮಾಲೀಕರ ಕಡೆ ತಿರುಗಿದರು. "ಕರೆಂಟೆಲ್ಲ ಪುಸ್ತಕದಲ್ಲಿದೆ ಸಾರ್. ಜಾಡಿಯಲ್ಲಿ ಇಲ್ಲ."

ಮಾಲೀಕರು ರಿಜಿಸ್ಟರಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ಯಾರ ಅಕ್ಷರ?"

ಮ್ಯಾನೇಜರ ತೋರುಬೆರಳು ಅದಾಗಲೇ ನನ್ನತ್ತ ಹೊರಟಿತ್ತು.

"ಅಕ್ಷರ ಈ ಅಮ್ಮಂದು," ಎಂದರು ಸಾಬರು. "ಸುಳ್ಳು ಈ ಅಮ್ಮಂದಲ್ಲ. ಬರೆಸಿದವರು ಇಲ್ಲೇ ಬೆವರ್ತಾ ನಿಂತಿದ್ದಾರೆ."

ನ್ಯಾಯ ಎರಡೂ ಕೈಯಿಂದ ಸಿಕ್ಕಿತು. ವಾರದೊಳಗೆ ಹನ್ನೆರಡು ಹೊಸ ಜಾಡಿ ಬಂದವು. ಆಜ್ಞೆ ಮೀರಿದ್ದಕ್ಕೆ ಕ್ಷಮಾಪಣೆ ಬರೆದುಕೊಡಬೇಕೆಂದು ಸಾಬರಿಗೆ ಚೀಟಿಯೂ ಬಂತು. ಅವರು ಬರೆಯಲಿಲ್ಲ. "ಆಗದ್ದನ್ನ ಆಯ್ತು ಅಂತ ಬರೀಲಿಲ್ಲ. ಇಲ್ಲದ ತಪ್ಪನ್ನ ಇದೆ ಅಂತ ಹೆಂಗೆ ಬರೀಲಿ?" ಎಂಟು ತಿಂಗಳ ಮೊದಲೇ, ಹಾರವಿಲ್ಲದೆ, ಮನೆಗೆ ಕಳಿಸಿದರು. ಹೋಗುವಾಗ ಆ ಗಾಜಿನ ನಳಿಕೆಯನ್ನು ಹತ್ತಿಯಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟು, "ಗುರುವಾರ" ಎಂದರು. ಅಷ್ಟೆ.

ಆ ಸ್ವಿಚ್ಚು ಹೆಂಗಸರ ಕೈಗೆ ಬಲು ಬಿಗಿ ಎಂದು ಕಚೇರಿಯ ವಿದ್ವಾಂಸರು ನಿರ್ಣಯಿಸಿದ್ದರು. ಎರಡು ಕೈಯಲ್ಲಿ ಎಳೆದರೆ ಬರುತ್ತಿತ್ತು. ನನ್ನ ಸೀರೆಗಳಲ್ಲೂ ಕಿಂಡಿಗಳು ಬಿದ್ದವು.

ಅರವತ್ತರ ದಶಕದಲ್ಲಿ ಒಂದು ಗುರುವಾರ, ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಬೋರ್ಡಿನಲ್ಲಿ ಭದ್ರಾವತಿಯ ದೀಪ ಹೊತ್ತಿತು. ಗಿರಣಿಯ ಕಾವಲುಗಾರ, ಬ್ಯಾಟರಿ ಸಾಬರು ಬೆಳಿಗ್ಗೆ ಹೋಗಿಬಿಟ್ಟರೆಂದು ಹೇಳಿದ. ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಆಗಿನ ಮ್ಯಾನೇಜರು ಒಳ್ಳೆಯವರು. "ಇವತ್ತು ಬಿಡಿಯಮ್ಮ, ಭದ್ರಾವತಿಗೆ ಹೊರಡಿ. ಕಳೆದ ವಾರದ್ದೇ ಬರೆದರಾಯ್ತು" ಎಂದರು.

"ಬರೆಯೋಕಾಗಲ್ಲ ಸಾರ್," ಎಂದೆ.

ತಾಸು ತುಂಬುವವರೆಗೆ ಕೂತಿದ್ದೆ. ಆಮೇಲೆ ಹನ್ನೆರಡು ಜಾಡಿಗೂ ನಳಿಕೆ ಇಳಿಸಿ, ಹನ್ನೆರಡು ಅಂಕಿಗಳನ್ನೂ ಪೂರ್ತಿಯಾಗಿ ಬರೆದು, ರೈಲಿಗೆ ಹೊರಟೆ.