ಪೇಪರಮ್ಮನ ಪರಿಣಾಮ

ಓಣಿಯವರು ಅವಳಿಗೆ ಪೇಪರಮ್ಮ ಅಂತ ಹೆಸರಿಟ್ಟಿದ್ದರು. ಆರೋಗ್ಯ ಸಂಶೋಧನೆ ಮಾಡಿ ಪೇಪರು ಬರೆಯುವವಳು; ತಲೆ ನರೆತರೂ ಗುತ್ತಿಗೆ ಕೆಲಸದಲ್ಲೇ ಜೀವ ತೇಯುತ್ತಿದ್ದವಳು. ಈ ಸಲ ಕಾಯಂ ಹುದ್ದೆ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು.

ಬಯೋಡೇಟಾದಲ್ಲಿ ಪ್ರಬಂಧಗಳಿಗೇನೂ ಬರವಿರಲಿಲ್ಲ. ಆದರೆ ‘ಸಂಶೋಧನೆಯ ಪರಿಣಾಮ’ ಎಂಬ ಜಾಗ ಬೋಳು ಬೋಳಾಗಿತ್ತು. ವಿಭಾಗದ ಮುಖ್ಯಸ್ಥರು ನೋಡಿ ನಕ್ಕರು.

“ಎಷ್ಟು ಬರೆದ್ರಿ ಅಂತ ಯಾರು ಕೇಳ್ತಾರೆ ಮೇಡಂ? ನೀವು ಬರೆದಿದ್ರಿಂದ ಏನು ಬದಲಾಯ್ತು, ಅದನ್ನ ಹಾಕಿ.”

ಬದಲಾದದ್ದು ಒಂದೇ ಒಂದು. ತಾಯಿಮನೆ ಓಣಿಯ ಸಂಜೆ ದವಾಖಾನೆಗೆ ಜನ ಬರುವುದು ಕಡಿಮೆ, ನರ್ಸ್ ಇಲ್ಲದ್ದೇ ಕಾರಣ, ಮೊದಲು ನರ್ಸ್ ಕೊಡಿ ಎಂದು ಅವಳು ಬರೆದಿದ್ದಳು. ಇಲಾಖೆಯ ಪುಣ್ಯಾತ್ಮರು ಮೊದಲ ಮಾತನ್ನಷ್ಟೇ ಓದಿ, ಅವಳ ಪ್ರಬಂಧವನ್ನೇ ಆಧಾರವಾಗಿ ತೋರಿಸಿ ದವಾಖಾನೆಗೆ ಬೀಗ ಜಡಿದರು. ಸಕ್ಕರೆ ಕಾಯಿಲೆಯ ಅವಳ ತಾಯಿ ಅದುವರೆಗೆ ಕಾಲಿನ ಹುಣ್ಣಿಗೆ ಅಲ್ಲಿದ್ದ ಒಬ್ಬ ಡಾಕ್ಟರ ಕೈಯಲ್ಲೇ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ದೊಡ್ಡಾಸ್ಪತ್ರೆ ದೂರ. ಇವತ್ತು ಹೋಗೋಣ ನಾಳೆ ಹೋಗೋಣ ಅನ್ನುವಷ್ಟರಲ್ಲಿ ಹುಣ್ಣು ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಿ ಹಾಕಿದರು.

‘ಈ ಅಧ್ಯಯನದ ಆಧಾರದ ಮೇಲೆ ಇಲಾಖೆಯು ಸೇವೆಗಳನ್ನು ಮರುಹೊಂದಿಸಿತು’ ಎಂದು ಬರೆದಳು. ಒಂದಕ್ಷರ ಸುಳ್ಳಿಲ್ಲ ನೋಡಿ. ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು, ನುಂಗಿಕೊಂಡಳು.

ಸಂದರ್ಶನದಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಕೇಳಿದರು, “ಇದು ಜನರನ್ನ ಮುಟ್ಟಿದೆ ಅನ್ನೋಕೆ ಏನು ಗುರುತು?”

“ನಮ್ಮ ಮನೇಲೇ ನೋಡಿದೀನಿ ಸರ್. ನಮ್ಮಮ್ಮ ಅದೇ ದವಾಖಾನೆ ಪೇಷಂಟು.”

ಆಹಾ, ಅಂದು ತಲೆದೂಗಿದರು. ಮುಂದಕ್ಕೆ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಕೆಲಸ ಸಿಕ್ಕಿತು. ತಾಯಿ ಮಂಚದ ಮೇಲಿಂದಲೇ ಮಗಳ ತಲೆ ಸವರಿದಳು.

“ಇನ್ನು ನಿನ್ನ ಮಾತು ನಡೆಯುತ್ತಲ್ಲವೇನೇ? ಹೇಳಿ ನಮ್ಮ ದವಾಖಾನೆ ಬಾಗಿಲು ತೆಗೆಸು ಮಗಳೇ. ಇನ್ನೊಂದು ಕಾಲಾದ್ರೂ ಉಳೀಲಿ.”

ಹೂಂ ಅಂದಿದ್ದರೆ ಆಗುತ್ತಿತ್ತು. ಮಗಳಿಗೆ ಅಷ್ಟೂ ತೋಚಲಿಲ್ಲ.

“ಅದು ಮುಚ್ಚಿದ್ದಕ್ಕೇ ಅಮ್ಮ, ನಂಗೆ ಈ ಕೆಲಸ ಸಿಕ್ಕಿದ್ದು.”

ತಾಯಿ ಮೋಟುಗಾಲಿನ ಮೇಲೆ ಹೊದಿಕೆ ಎಳೆದುಕೊಂಡಳು.

“ಹಾಗಾದ್ರೆ ಬೇಡ ಬಿಡು,” ಅಂದಳು. “ಮುಚ್ಚೇ ಇರ್ಲಿ.”